ಪ್ಯಾರಿಸ್ಸಿನ ‘ಸಿತೆ’ಯಲ್ಲಿ ಒಂದು ಕೋಣೆ: ಅರ್ಜಿಯಿಂದ ಅಡುಗೆಮನೆಯವರೆಗೆ

ಪ್ಯಾರಿಸ್ಸಿಗೆ ಓದಲು ಹೊರಟವರು ಮೊದಲು ಕೇಳುವುದು ಕೋಣೆಯ ಬಾಡಿಗೆ ಎಷ್ಟು ಎಂದು. ಕೇಳಲೇಬೇಕಾದ ಮಾತು ಅದು. ಆದರೆ ನನ್ನ ಬಳಿ ಸಲಹೆಗೆ ಬರುವವರಿಗೆಲ್ಲ ನಾನು ಇನ್ನೊಂದು ಪ್ರಶ್ನೆಯನ್ನೂ ಕೊಟ್ಟು ಕಳಿಸುತ್ತೇನೆ: ಆ ಮಹಡಿಯಲ್ಲಿ ಎಲ್ಲರೂ ಸೇರಿ ಬಳಸುವ ಅಡುಗೆಮನೆ ಇದೆಯೇ? ಎರಡು ವರ್ಷ ಅಲ್ಲಿದ್ದು ಬಂದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು. ಮಲಗಲು ಕೋಣೆ ಎಲ್ಲಾದರೂ ಸಿಗುತ್ತದೆ, ನೆರೆಹೊರೆ ಸಿಗುವುದು ಅಪರೂಪ. ನೆರೆಹೊರೆ ಸಿಗಲೆಂದೇ ನೂರು ವರ್ಷಗಳ ಹಿಂದೆ ಕಟ್ಟಿದ ಒಂದು ಊರಿದೆ. ಅದರ ಪೂರ್ಣ ಹೆಸರು ಸಿತೆ ಆಂತೆರ್ನಾಸಿಯೊನಾಲ್ ಯೂನಿವರ್ಸಿತೇರ್ ದ ಪಾರಿ. ಅಲ್ಲಿ ವಾಸಿಸುವವರು ‘ಸಿತೆ’ ಎಂದಷ್ಟೇ ಕರೆಯುತ್ತಾರೆ.

ನಗರದ ದಕ್ಷಿಣದ ಅಂಚಿನಲ್ಲಿ, ಬುಲ್ವಾರ್ ಜೂರ್ದಾಂ ಎಂಬ ಅಗಲವಾದ ಬೀದಿಯ ಪಕ್ಕ, 34 ಹೆಕ್ಟೇರ್ ಹಸಿರಿನ ನಡುವೆ ನಲವತ್ತಕ್ಕೂ ಹೆಚ್ಚು ವಿದ್ಯಾರ್ಥಿ ಮನೆಗಳಿವೆ. ಮೊದಲ ಮಹಾಯುದ್ಧ ಮುಗಿದು ಪ್ಯಾರಿಸ್ಸಿನ ಹಳೆಯ ಕೋಟೆಗೋಡೆಯನ್ನು ಕೆಡವಿದಾಗ ತೆರವಾದ ಜಾಗ ಅದು. ಶಿಕ್ಷಣ ಸಚಿವರಾಗಿದ್ದ ಆಂದ್ರೆ ಒನೊರಾ ಅವರಿಗೆ, ಬೇರೆ ಬೇರೆ ದೇಶಗಳ ಹುಡುಗರು ಒಂದೇ ಅಂಗಳದಲ್ಲಿ ಬೆಳೆದರೆ ನಾಳೆ ಪರಸ್ಪರ ಬಂದೂಕು ಹಿಡಿಯಲಾರರು ಎಂಬ ನಂಬಿಕೆಯಿತ್ತು. ತೈಲೋದ್ಯಮಿ ಎಮಿಲ್ ಡಾಯ್ಚ್ ದ ಲಾ ಮರ್ತ್ ಹಣ ಕೊಟ್ಟರು. 1925ರಲ್ಲಿ ಮೊದಲ ಮನೆ ತೆರೆಯಿತು. ಆಮೇಲೆ ಒಂದೊಂದು ದೇಶದ ಹೆಸರಿನಲ್ಲೂ ಮನೆಗಳು ಎದ್ದವು: ಕೆನಡಾ, ಅರ್ಜೆಂಟೀನಾ, ಜಪಾನ್, ಅರ್ಮೇನಿಯಾ, ಗ್ರೀಸ್. ನಮ್ಮ ಮೇಜೋಂ ದ ಲ್ಯಾಂದ್, ಅಂದರೆ ಭಾರತದ ಮನೆ, 1968ರಲ್ಲಿ ತೆರೆಯಿತು. ಎಲ್ಲಕ್ಕೂ ನಡುಮನೆಯಂತಿರುವ ಮೇಜೋಂ ಆಂತೆರ್ನಾಸಿಯೊನಾಲ್ 1936ರಲ್ಲಿ ಅಮೆರಿಕದ ಸಿರಿವಂತ ದಾನಿ ಜಾನ್ ಡಿ. ರಾಕ್‌ಫೆಲರ್ ಜೂನಿಯರ್ ಕೊಟ್ಟ ಹಣದಿಂದ ಎದ್ದಿತು. ಗ್ರಂಥಾಲಯ, ರಂಗಮಂದಿರ, ಈಜುಕೊಳ, ವಿದ್ಯಾರ್ಥಿ ಭೋಜನಶಾಲೆ ಎಲ್ಲವೂ ಅದರಲ್ಲಿವೆ.

ಇದೇ ರಾಕ್‌ಫೆಲರ್ ಅದಕ್ಕೂ ಮೊದಲು, 1924ರಲ್ಲಿ ತೆರೆದ ನ್ಯೂಯಾರ್ಕಿನ ಇಂಟರ್‌ನ್ಯಾಷನಲ್ ಹೌಸ್ ಎಂಬ ವಿದ್ಯಾರ್ಥಿ ನಿಲಯಕ್ಕೂ ಹಣ ಕೊಟ್ಟಿದ್ದರು. ಅದರ ಹುಟ್ಟಿನ ಕಥೆಯನ್ನು ನಾನು ಆಗಾಗ ನೆನೆಯುತ್ತೇನೆ. ಮುಂದೆ ಅದನ್ನು ಸ್ಥಾಪಿಸಿದ ಹ್ಯಾರಿ ಎಡ್ಮಂಡ್ಸ್ ಎಂಬವರು ಒಂದು ಬೆಳಿಗ್ಗೆ ಕೊಲಂಬಿಯಾ ವಿಶ್ವವಿದ್ಯಾಲಯದ ಮೆಟ್ಟಿಲ ಮೇಲೆ ಎದುರಾದ ಚೀನೀ ವಿದ್ಯಾರ್ಥಿಗೆ ನಮಸ್ಕಾರ ಹೇಳಿದರು. ತಾನು ಬಂದು ಮೂರು ವಾರವಾಯಿತು, ತನ್ನನ್ನು ಮಾತನಾಡಿಸಿದ ಮೊದಲಿಗರು ನೀವೇ ಎಂದು ಆ ಹುಡುಗ ಕೃತಜ್ಞತೆಯಿಂದ ಹೇಳಿದನಂತೆ. ಹಾಸನದಿಂದ ಬೆಂಗಳೂರಿಗೆ ಬಂದು ಪಿ.ಜಿ.ಯಲ್ಲಿ ಒಂದು ವಾರ ಬಾಯಿ ಬಿಡದೆ ಕಳೆದವರಿಗೂ ಆ ಮೂರು ವಾರ ಎಂಥದ್ದೆಂದು ಗೊತ್ತು.

ಮೊದಲ ಹೆಜ್ಜೆ: ನಿಮಗೆ ಅರ್ಹತೆ ಇದೆಯೇ ನೋಡಿಕೊಳ್ಳಿ

ಸಿತೆ ಮುಖ್ಯವಾಗಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ, ಪಿಎಚ್.ಡಿ. ಮಾಡುವವರಿಗೆ, ಸಂಶೋಧಕರಿಗೆ ಮತ್ತು ಕಲಾವಿದರಿಗೆ. ಪದವಿ ಓದಲು ಹೋಗುವವರಿಗೆ ಇಲ್ಲಿ ಜಾಗ ಸಿಗುವುದು ವಿರಳ. ಅವರು ಸರ್ಕಾರಿ ವಿದ್ಯಾರ್ಥಿ ವಸತಿಯಾದ ಕ್ರೂಸ್ ಅಥವಾ ತಮ್ಮ ಕಾಲೇಜಿನ ವಸತಿ ವಿಭಾಗವನ್ನು ಹಿಡಿಯುವುದು ಒಳ್ಳೆಯದು. ನಿಮ್ಮ ಕಾಲೇಜು ಪ್ಯಾರಿಸ್ ಸುತ್ತಮುತ್ತಲೇ ಇರಬೇಕು. ಲಿಯೋಂ ಅಥವಾ ತುಲೂಸ್‌ನಲ್ಲಿ ಓದುವವರಿಗೆ ಇದು ಅನ್ವಯಿಸುವುದಿಲ್ಲ. ಕೆಲವು ಮನೆಗಳಲ್ಲಿ ವಯಸ್ಸಿನ ಮಿತಿಯೂ ಇದೆ. ಅರ್ಜಿ ತುಂಬುವ ಮೊದಲೇ ಆಯಾ ಮನೆಯ ನಿಯಮ ಓದಿಕೊಳ್ಳಿ.

ಎರಡನೆಯ ಹೆಜ್ಜೆ: ಅರ್ಜಿ, ಮತ್ತು ಅದರೊಳಗಿನ ಪತ್ರ

ಸೆಪ್ಟೆಂಬರ್‌ನಲ್ಲಿ ಬೇಕಾಗುವ ಕೋಣೆಗೆ ಆಗಸ್ಟ್‌ನಲ್ಲಿ ಅರ್ಜಿ ಹಾಕಿದರೆ ಕೆಲಸ ಕೆಟ್ಟಂತೆಯೇ. ಮಾರ್ಚ್ ತಿಂಗಳಿನಿಂದಲೇ ಸಿತೆಯ ಮತ್ತು ಭಾರತದ ಮನೆಯ ಜಾಲತಾಣಗಳನ್ನು ವಾರಕ್ಕೊಮ್ಮೆ ನೋಡುತ್ತಿರಿ. ಕಾಲೇಜಿನ ಪ್ರವೇಶಪತ್ರ ಕೈಗೆ ಬರಲಿ ಎಂದು ಕಾಯುತ್ತ ಕೂರಬೇಡಿ. ಪ್ರವೇಶಕ್ಕೆ ಅರ್ಜಿ ಹಾಕಿರುವ ದಾಖಲೆ ಸಾಕಾಗುತ್ತದೆಯೇ ಎಂದು ಕೇಳಿ, ಸಾಕೆಂದರೆ ಅದನ್ನೇ ಹಾಕಿ.

ಪಾಸ್‌ಪೋರ್ಟ್, ಸ್ವವಿವರ, ಅಂಕಪಟ್ಟಿ, ಶಿಫಾರಸು ಪತ್ರ, ಖರ್ಚಿಗೆ ಹಣ ಎಲ್ಲಿಂದ ಬರುತ್ತದೆ ಎಂಬ ದಾಖಲೆ, ಇವನ್ನೆಲ್ಲ ಎಲ್ಲರೂ ಸರಿಯಾಗಿಯೇ ಕೊಡುತ್ತಾರೆ. ವ್ಯತ್ಯಾಸ ಬೀಳುವುದು ನೀವೇಕೆ ಇಲ್ಲಿ ಇರಲು ಬಯಸುತ್ತೀರಿ ಎಂದು ಬರೆಯುವ ಪತ್ರದಲ್ಲಿ. ನಾನು ಓದಿಕೊಟ್ಟ ಪತ್ರಗಳಲ್ಲಿ ಹತ್ತಕ್ಕೆ ಎಂಟು, ‘ಪ್ಯಾರಿಸ್ಸಿನಲ್ಲಿ ಬಾಡಿಗೆ ದುಬಾರಿ, ನನ್ನ ಕಾಲೇಜಿಗೆ ಇದು ಹತ್ತಿರ’ ಎಂಬಲ್ಲಿಗೇ ನಿಲ್ಲುತ್ತವೆ. ಅದು ಎಲ್ಲ ಅರ್ಜಿದಾರರಿಗೂ ನಿಜ. ಆಯ್ಕೆ ಸಮಿತಿಯವರು ಹುಡುಕುವುದು ಮನೆಗೆ ಏನನ್ನಾದರೂ ತರುವವರನ್ನು. ನಿಮಗೆ ಚಂಡೆ ಬಾರಿಸಲು ಬರುತ್ತದೆಯೇ? ಬರೆಯಿರಿ. ಕಾಲೇಜಿನಲ್ಲಿ ನಾಟಕದ ಬೆಳಕು ನೋಡಿಕೊಂಡಿದ್ದಿರೇ, ಎನ್.ಎಸ್.ಎಸ್. ಶಿಬಿರದಲ್ಲಿ ಇನ್ನೂರು ಜನರಿಗೆ ಅಡುಗೆ ಮಾಡಿಸಿದ್ದಿರೇ, ಊರಿನ ಮಕ್ಕಳಿಗೆ ಗಣಿತ ಹೇಳಿಕೊಟ್ಟಿದ್ದಿರೇ? ಅದನ್ನು ಎರಡೇ ಸಾಲಿನಲ್ಲಿ, ಊರಿನ ಹೆಸರು ಸಮೇತ ಬರೆಯಿರಿ. ‘ನನಗೆ ವಿವಿಧ ಸಂಸ್ಕೃತಿಗಳಲ್ಲಿ ಆಸಕ್ತಿಯಿದೆ’ ಎನ್ನುವ ಸಾಲನ್ನು ಹೊಡೆದುಹಾಕಿ. ಆ ಜಾಗದಲ್ಲಿ ನೀವು ಯಾವ ದೇಶದ ಯಾವುದನ್ನು ಕಲಿಯಲು ಬಯಸುತ್ತೀರಿ ಎಂದು ಹೇಳಿ.

ಇಲ್ಲಿಯೇ ಒಂದು ಮುಖ್ಯ ವಿಷಯ. ಭಾರತದ ಮನೆಗೆ ಅರ್ಜಿ ಹಾಕಿದವರೆಲ್ಲ ಭಾರತದ ಮನೆಯಲ್ಲೇ ಇರುವುದಿಲ್ಲ. ಮನೆಗಳು ತಮ್ಮ ತಮ್ಮಲ್ಲಿ ವಿದ್ಯಾರ್ಥಿಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಇದಕ್ಕೆ ಬ್ರಸಾಜ್ ಎನ್ನುತ್ತಾರೆ, ಅಂದರೆ ಬೆರೆಸುವುದು. ಭಾರತದ ಮನೆಯಲ್ಲಿ ಬ್ರೆಜಿಲ್‌ನವರು, ಮೊರೊಕ್ಕೊದ ಮನೆಯಲ್ಲಿ ವಿಯೆಟ್ನಾಮಿನವರು, ಹೀಗೆ. ನನ್ನನ್ನು ಬೇರೆ ದೇಶದ ಮನೆಗೆ ಹಾಕಿದರು ಎಂದು ತಿಳಿದಾಗ ನಮ್ಮ ಅಮ್ಮ, ‘ನಮ್ಮವರು ಯಾರೂ ಇಲ್ಲದ ಕಡೆ ಹೇಗಿರುತ್ತೀಯ’ ಎಂದು ಫೋನಿನಲ್ಲಿ ಅತ್ತಿದ್ದರು. ನಿಮ್ಮ ಮನೆಯಲ್ಲೂ ಹೀಗಾದರೆ ಅವರಿಗೆ ಹೇಳಿ: ಭಾರತದ ಮನೆ ಅದೇ ಆವರಣದಲ್ಲಿದೆ, ಹಬ್ಬಕ್ಕೆ ಹೋಗಿ ಬರಬಹುದು. ಆದರೆ ಬೇರೆ ಮನೆ ಸಿಕ್ಕರೆ ಬದಲಾಯಿಸಿಕೊಡಿ ಎಂದು ಕೇಳಬೇಡಿ. ಸಿತೆಯ ಇಡೀ ಲಾಭ ಇರುವುದೇ ಅಲ್ಲಿ.

ಒಂದು ಎಚ್ಚರಿಕೆ. ‘ಸಿತೆಯಲ್ಲಿ ಕೋಣೆ ಕೊಡಿಸುತ್ತೇನೆ, ಮುಂಗಡ ಕಳಿಸಿ’ ಎನ್ನುವವರು ಸಾಮಾಜಿಕ ಜಾಲತಾಣಗಳಲ್ಲಿ ಪ್ರತಿ ಬೇಸಿಗೆಯಲ್ಲೂ ಕಾಣಿಸಿಕೊಳ್ಳುತ್ತಾರೆ. ಮನೆಗಳು ದಲ್ಲಾಳಿಗಳ ಮೂಲಕ ಕೋಣೆ ಕೊಡುವುದಿಲ್ಲ, ವಾಸಿಸುವವರು ತಮ್ಮ ಕೋಣೆಯನ್ನು ಮರುಬಾಡಿಗೆಗೆ ಕೊಡುವಂತಿಲ್ಲ. ಒಂದು ರೂಪಾಯಿಯನ್ನೂ ಕಳಿಸಬೇಡಿ.

ಮೂರನೆಯ ಹೆಜ್ಜೆ: ನಿಮ್ಮ ಹೆಸರನ್ನು ಒಂದೇ ಮಾಡಿಕೊಳ್ಳಿ

ವೀಸಾ ಬಗ್ಗೆ ಎಲ್ಲರೂ ಹೇಳುತ್ತಾರೆ, ಹೆಸರಿನ ಬಗ್ಗೆ ಯಾರೂ ಹೇಳುವುದಿಲ್ಲ. ಕನ್ನಡಿಗರು ಅಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಇದರಿಂದಲೇ.

ಫ್ರಾನ್ಸಿನ ಪ್ರತಿಯೊಂದು ಅರ್ಜಿಯಲ್ಲೂ ಎರಡು ಖಾನೆಗಳಿರುತ್ತವೆ: ಮನೆತನದ ಹೆಸರು, ಕೊಟ್ಟ ಹೆಸರು. ನಮ್ಮಲ್ಲಿ ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ, ಆಮೇಲೆ ಹೆಸರು. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಮೊದಲಕ್ಷರ ಹಿಂದೆ, ಪದವಿಯದರಲ್ಲಿ ಮುಂದೆ, ಪಾಸ್‌ಪೋರ್ಟಿನಲ್ಲಿ ವಿಸ್ತರಿಸಿದ ಹೆಸರು, ಎಷ್ಟೋ ಜನರಿಗೆ ಮನೆತನದ ಖಾನೆಯೇ ಖಾಲಿ. ನನ್ನ ಹೆಸರನ್ನು ಅಲ್ಲಿಯ ಒಂದು ಬ್ಯಾಂಕು ತಿರುವುಮುರುವಾಗಿ ಬರೆದುಕೊಂಡಿತ್ತು. ಕಾರ್ಡು ಅಂಚೆಯಲ್ಲಿ ಬಂದು, ಆ ಹೆಸರಿನವರು ಇಲ್ಲ ಎಂದು ವಾಪಸು ಹೋಯಿತು. ಮೂರು ವಾರ ಗೆಳೆಯರ ಕೈಯಿಂದ ಸಾಲ ಪಡೆದು ತರಕಾರಿ ಕೊಂಡೆ.

ಆದ್ದರಿಂದ ಹೊರಡುವ ಆರು ತಿಂಗಳ ಮೊದಲೇ ಪಾಸ್‌ಪೋರ್ಟನ್ನು ಸರಿಪಡಿಸಿಕೊಳ್ಳಿ. ಎರಡೂ ಖಾನೆಗಳು ತುಂಬಿರಲಿ. ಆಮೇಲೆ ಕಾಲೇಜು, ವಸತಿ, ಬ್ಯಾಂಕು, ವಿಮೆ ಎಲ್ಲ ಕಡೆ ಪಾಸ್‌ಪೋರ್ಟಿನಲ್ಲಿ ಇದ್ದದ್ದನ್ನೇ, ಅದೇ ಕ್ರಮದಲ್ಲಿ, ಒಂದಕ್ಷರವೂ ಬದಲಾಗದಂತೆ ಬರೆಯಿರಿ.

ಜನನ ಪ್ರಮಾಣಪತ್ರವೂ ಅಷ್ಟೇ ಮುಖ್ಯ. ಆರೋಗ್ಯ ವಿಮೆಗೆ ಮತ್ತು ಬಾಡಿಗೆ ನೆರವಿನ ಅರ್ಜಿಗೆ ಅಲ್ಲಿ ಅದನ್ನು ಕೇಳುತ್ತಾರೆ. ಗ್ರಾಮ ಪಂಚಾಯಿತಿಯಲ್ಲೋ ಪುರಸಭೆಯಲ್ಲೋ ತೆಗೆಸಿದ ಹಳೆಯ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುವುದು ಸಾಮಾನ್ಯ, ಏಕೆಂದರೆ ಜನನ ನೋಂದಾಯಿಸಿದಾಗ ನಾಮಕರಣ ಆಗಿರುವುದಿಲ್ಲ. ಹೆಸರು ಸೇರಿಸಿ, ಕನ್ನಡ ಇಂಗ್ಲಿಷ್ ಎರಡೂ ಇರುವ ಹೊಸ ಪ್ರತಿ ತೆಗೆಸಿ. ಅದಕ್ಕೆ ರಾಜ್ಯದ ದೃಢೀಕರಣ, ನಂತರ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ, ಅಂದರೆ ದಾಖಲೆ ಅಸಲಿ ಎಂದು ಹೊರದೇಶದವರು ಒಪ್ಪುವ ಗುರುತು, ಹಾಕಿಸಿ. ಫ್ರೆಂಚ್ ಅನುವಾದವನ್ನು ಅಲ್ಲಿಯ ನ್ಯಾಯಾಲಯದ ಪಟ್ಟಿಯಲ್ಲಿರುವ ಅನುವಾದಕರಿಂದ ಮಾಡಿಸಿದರೆ ಮತ್ತೆ ತಕರಾರು ಬರುವುದಿಲ್ಲ. ಈ ಒಂದು ಕಾಗದಕ್ಕಾಗಿ ಪ್ಯಾರಿಸ್ಸಿನಿಂದ ಊರಿಗೆ ಫೋನು ಮಾಡಿ, ವಯಸ್ಸಾದ ಅಪ್ಪನನ್ನು ತಾಲ್ಲೂಕು ಕಚೇರಿಗೆ ಅಲೆಸುವುದು ಬೇಡ.

ನಾಲ್ಕನೆಯ ಹೆಜ್ಜೆ: ವೀಸಾ ಮತ್ತು ಹಣದ ಲೆಕ್ಕ

ಭಾರತೀಯರು ‘ಎತ್ಯೂದ್ ಆಂ ಫ್ರಾನ್ಸ್’ ಎಂಬ ಜಾಲತಾಣದಲ್ಲಿ ಖಾತೆ ತೆರೆದು, ವಿದೇಶಿ ವಿದ್ಯಾರ್ಥಿಗಳಿಗಾಗಿ ಇರುವ ಫ್ರೆಂಚ್ ಸರ್ಕಾರಿ ಸಂಸ್ಥೆ ಕ್ಯಾಂಪಸ್ ಫ್ರಾನ್ಸ್‌ನವರ ಸಂದರ್ಶನ ಮುಗಿಸಿ, ಆಮೇಲೆ ವೀಸಾ ಅರ್ಜಿ ಕೊಡಬೇಕು. ಎಲ್ಲವೂ ಬೆಂಗಳೂರಿನಲ್ಲೇ ಆಗುತ್ತದೆ. ತಿಂಗಳಿಗೆ ಕನಿಷ್ಠ 615 ಯೂರೋ ನಿಮ್ಮ ಬಳಿ ಇದೆ ಎಂದು ತೋರಿಸಬೇಕೆಂಬುದು ವೀಸಾ ನಿಯಮ. ಈ ಮೊತ್ತದಲ್ಲಿ ಪ್ಯಾರಿಸ್ಸಿನಲ್ಲಿ ಬದುಕುವುದು ಕಷ್ಟ. ಸಿತೆಯ ಕೋಣೆಯ ಬಾಡಿಗೆಯೊಂದೇ ಅದರ ಬಹುಪಾಲನ್ನು ತಿಂದುಬಿಡುತ್ತದೆ. ಊಟ, ಓಡಾಟ, ಪುಸ್ತಕಕ್ಕೆ ಬೇರೆಯದೇ ಲೆಕ್ಕ ಹಾಕಿ. ಇದರ ಮೇಲೆ ಬಂದ ಕೂಡಲೇ ಕೊಡಬೇಕಾದ್ದು: ಠೇವಣಿ, ಮೊದಲ ತಿಂಗಳ ಬಾಡಿಗೆ, ಮನೆವಿಮೆ, ವೀಸಾ ಊರ್ಜಿತಗೊಳಿಸುವ ಶುಲ್ಕ. ಕಾಲೇಜಿನಲ್ಲಿ ನೋಂದಣಿಗೆ ಮೊದಲು ಕಟ್ಟಬೇಕಾದ ವಿದ್ಯಾರ್ಥಿ ಶುಲ್ಕವೇ ನೂರು ಯೂರೋ ದಾಟುತ್ತದೆ. ಮೊದಲ ತಿಂಗಳಿಗೆ ಎರಡೂವರೆ ತಿಂಗಳ ಹಣ ಬೇಕು ಎಂದು ಇಟ್ಟುಕೊಂಡರೆ ನಿಶ್ಚಿಂತೆ.

‘ಕಾಫ್’ ಎಂಬ ಸಂಸ್ಥೆ ಕೊಡುವ ಬಾಡಿಗೆ ನೆರವಿನ ಬಗ್ಗೆ ಹಿರಿಯ ವಿದ್ಯಾರ್ಥಿಗಳು ತುಂಬ ಹೇಳುತ್ತಾರೆ. ಯೂರೋಪಿನ ಹೊರಗಿನವರಿಗೆ ಇದರ ನಿಯಮಗಳು ಬದಲಾಗುತ್ತಿರುತ್ತವೆ. ಅದನ್ನು ನಂಬಿ ಬಜೆಟ್ ಮಾಡಬೇಡಿ, ಬಂದರೆ ಉಳಿತಾಯ ಎಂದುಕೊಳ್ಳಿ. ಜಾಮೀನುದಾರರು ಬೇಕು ಎಂದು ಎಲ್ಲಾದರೂ ಕೇಳಿದರೆ ಗಾಬರಿಯಾಗಬೇಡಿ. ವಿಸಾಲ್ ಎಂಬ ಉಚಿತ ಖಾತರಿ ವ್ಯವಸ್ಥೆ ಇದೆ, ಮೂವತ್ತರೊಳಗಿನ ವಿದ್ಯಾರ್ಥಿಗಳು ಅದಕ್ಕೆ ಅರ್ಜಿ ಹಾಕಬಹುದು. ಬಾಡಿಗೆ ಕರಾರಿಗೆ ಸಹಿ ಮಾಡುವ ಮೊದಲೇ ಹಾಕಬೇಕು.

ಐದನೆಯ ಹೆಜ್ಜೆ: ಬಂದಿಳಿದ ದಿನ

ಭಾನುವಾರ ಇಳಿಯುವ ವಿಮಾನ ಅಗ್ಗವಾಗಿದ್ದರೂ ಹಿಡಿಯಬೇಡಿ. ಮನೆಯ ಕಚೇರಿ ಯಾವ ದಿನ, ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ ಎಂದು ಇ-ಮೇಲ್ ಮಾಡಿ ಕೇಳಿಕೊಂಡೇ ಟಿಕೆಟ್ ತೆಗೆಯಿರಿ. ಷಾರ್ಲ್ ದ ಗೋಲ್ ವಿಮಾನ ನಿಲ್ದಾಣದಿಂದ ಆರ್.ಇ.ಆರ್. ‘ಬಿ’ ರೈಲು ನೇರವಾಗಿ ‘ಸಿತೆ ಯೂನಿವರ್ಸಿತೇರ್’ ನಿಲ್ದಾಣಕ್ಕೆ ಬರುತ್ತದೆ. ಎರಡು ದೊಡ್ಡ ಪೆಟ್ಟಿಗೆ ಇರುವವರಿಗೆ ರೈಲು ಬದಲಿಸಬೇಕಿಲ್ಲ ಎನ್ನುವುದು ದೊಡ್ಡ ಉಪಕಾರ. ನಿಲ್ದಾಣದಿಂದ ಹೊರಬಂದರೆ ಒಂದು ಕಡೆ ಮೋಂಸೂರಿ ಉದ್ಯಾನ, ರಸ್ತೆಯ ಇನ್ನೊಂದು ಕಡೆ ಸಿತೆಯ ಹೆಬ್ಬಾಗಿಲು.

ಕಚೇರಿಗೆ ಕಾಲಿಟ್ಟ ಕೂಡಲೇ ಮೊದಲು ‘ಬೋಂಜೂರ್’ ಎನ್ನಿ. ಇದನ್ನು ಸಣ್ಣ ಮಾತೆಂದು ತಿಳಿಯಬೇಡಿ. ನಾವು ‘ಸ್ವಲ್ಪ ಕೇಳಬೇಕಿತ್ತು’ ಎಂದು ನೇರ ವಿಷಯಕ್ಕೆ ಹೋಗುತ್ತೇವೆ. ಅಲ್ಲಿ ನಮಸ್ಕಾರ ಹೇಳದೆ ಪ್ರಶ್ನೆ ಕೇಳಿದರೆ ಎದುರಿನವರಿಗೆ ಅದು ಅವಮಾನ. ಅಂಗಡಿ, ಬಸ್ಸು, ಅಡುಗೆಮನೆ, ಲಿಫ್ಟು, ಎಲ್ಲ ಕಡೆಯೂ ಮೊದಲ ಮಾತು ಅದೇ.

ಕೀಲಿ ಕೊಡುವಾಗ ಕೋಣೆಯ ಸ್ಥಿತಿಗತಿಯ ಪಟ್ಟಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ದಣಿವಿನಲ್ಲಿ ಕಣ್ಣು ಮುಚ್ಚಿ ಸಹಿ ಹಾಕಬೇಡಿ. ಗೋಡೆಯ ಗೀರು, ಸಿಂಕಿನ ಬಿರುಕು, ಹಾಸಿಗೆಯ ಕಲೆ, ಅಲುಗಾಡುವ ಕುರ್ಚಿ, ಕಂಡದ್ದೆಲ್ಲ ಬರೆಯಿಸಿ, ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಬಿಟ್ಟು ಹೋಗುವ ದಿನ ಇದೇ ಪಟ್ಟಿಯನ್ನು ಹಿಡಿದು ಬರುತ್ತಾರೆ. ಹಾಗೆಯೇ ನೀವು ಅಲ್ಲಿ ವಾಸವಿದ್ದೀರಿ ಎಂಬ ಪ್ರಮಾಣಪತ್ರವನ್ನು ಅಂದೇ ಕೇಳಿ ಪಡೆಯಿರಿ. ಬ್ಯಾಂಕು, ವಿಮೆ, ಮೊಬೈಲು ಯಾವುದಕ್ಕೂ ಅದಿಲ್ಲದೆ ನಡೆಯುವುದಿಲ್ಲ. ದೀರ್ಘಾವಧಿ ವಿದ್ಯಾರ್ಥಿ ವೀಸಾವನ್ನು ಬಂದ ಮೂರು ತಿಂಗಳೊಳಗೆ ಆನ್‌ಲೈನ್‌ನಲ್ಲಿ ಊರ್ಜಿತಗೊಳಿಸಲೇಬೇಕು. ಮೊದಲ ವಾರವೇ ಮಾಡಿ ಮುಗಿಸಿ, ಮರೆತರೆ ವಾಸವೇ ಅಕ್ರಮವಾಗುತ್ತದೆ. ವಿದ್ಯಾರ್ಥಿಗಳ ಸರ್ಕಾರಿ ಆರೋಗ್ಯ ವಿಮೆಗೆ ನೋಂದಣಿ ಉಚಿತ.

ಆರನೆಯ ಹೆಜ್ಜೆ: ಅಡುಗೆಮನೆಗೆ ಹೋಗಿ

ಸಾಮಾನಿನ ಪಟ್ಟಿಯಲ್ಲಿ ಒಂದು ಸಣ್ಣ ಕುಕ್ಕರ್ ಇರಲಿ, ಇಂಡಕ್ಷನ್ ಒಲೆಗೆ ಹೊಂದುವ ತಳದ್ದು. ಎರಡು ದುಂಡು ಕಡ್ಡಿಯ ನಮ್ಮ ಪ್ಲಗ್ಗು ಅಲ್ಲಿ ಕೂರುತ್ತದೆ, ಮೂರು ಕಡ್ಡಿಯದು ಕೂರುವುದಿಲ್ಲ. ಅಕ್ಕಿ ಬೇಳೆ ಹೊತ್ತೊಯ್ಯಬೇಡಿ. ಅದೇ ‘ಬಿ’ ರೈಲು ಹತ್ತಿ ಗಾರ್ ದ್ಯು ನೋರ್‌ನಲ್ಲಿ ಇಳಿದರೆ, ಲಾ ಷಪೆಲ್ ಕಡೆಯ ಬೀದಿಗಳಲ್ಲಿ ಶ್ರೀಲಂಕಾದ ತಮಿಳರ ಅಂಗಡಿಗಳು ಸಾಲಾಗಿವೆ. ಕರಿಬೇವು, ನುಗ್ಗೆಕಾಯಿ, ತೆಂಗಿನಕಾಯಿ, ಹುಣಸೆಹಣ್ಣು ಎಲ್ಲ ಸಿಗುತ್ತವೆ. ರಾಗಿಹಿಟ್ಟು ಕೇಳಿದರೆ ಕೆಲವರಿಗೆ ಗೊತ್ತಾಗುವುದಿಲ್ಲ, ‘ಕುರಕ್ಕನ್’ ಎಂದು ಕೇಳಿ. ಲಂಕೆಯಲ್ಲಿ ರಾಗಿಗೆ ಅದೇ ಹೆಸರು. ಟ್ರಾಮ್ ಹತ್ತಿ ಪೂರ್ವಕ್ಕೆ ಹೋದರೆ ಹದಿಮೂರನೆಯ ವಾರ್ಡಿನ ಚೀನೀ ಅಂಗಡಿಗಳಲ್ಲಿ ಬೆಂಡೆಕಾಯಿ, ಕೊತ್ತಂಬರಿ ಸೊಪ್ಪು ತಾಜಾ ಸಿಗುತ್ತದೆ.

ನವೆಂಬರ್‌ನ ಒಂದು ಸಂಜೆ ನಾನು ಮಹಡಿಯ ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದೆ. ಮುದ್ದೆಕೋಲು ಇರಲಿಲ್ಲ, ಮರದ ಸೌಟಿನ ಹಿಡಿಯನ್ನೇ ಬಳಸುತ್ತಿದ್ದೆ. ಹಿಟ್ಟು ಗಂಟಾಗುತ್ತಿತ್ತು. ಪಕ್ಕದ ಒಲೆಯಲ್ಲಿ ಮೀನು ಹುರಿಯುತ್ತಿದ್ದ ಬುರ್ಕಿನಾ ಫಾಸೊದ ಹುಡುಗನೊಬ್ಬ ಬಗ್ಗಿ ನೋಡಿ, ‘ತೋ’ ಎಂದ. ನನಗೆ ಅರ್ಥವಾಗಲಿಲ್ಲ. ನನ್ನ ಕೈಯಿಂದ ಸೌಟು ತೆಗೆದುಕೊಂಡು, ಪಾತ್ರೆಯನ್ನು ಬಟ್ಟೆಯಿಂದ ಒತ್ತಿ ಹಿಡಿದು, ಅಂಚಿನಿಂದ ನಡುವಿಗೆ ಬಲವಾಗಿ ತಿರುವಿದ. ಮೂರು ನಿಮಿಷದಲ್ಲಿ ಗಂಟೆಲ್ಲ ಕರಗಿ ಹೊಳಪು ಬಂತು. ಅವನ ಊರಿನಲ್ಲಿ ಸಜ್ಜೆ, ಜೋಳದ ಹಿಟ್ಟಿನಿಂದ ಹೀಗೇ ಮಾಡುತ್ತಾರಂತೆ. ಅದೇ ‘ತೋ’, ಬೆಂಡೆಕಾಯಿಯ ಸಾರಿನ ಜೊತೆ ತಿನ್ನುವುದು. ಒದ್ದೆ ಕೈಯಲ್ಲಿ ಉಂಡೆ ಕಟ್ಟಿ, ಮುರಿದು, ನನ್ನ ಬಸ್ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದ. ಅಗಿಯಬಾರದು ಎಂದು ನಾನು ಹೇಳಿಕೊಡಬೇಕಾಗಲಿಲ್ಲ. ಅಂದಿನಿಂದ ಗುರುವಾರ ನಮ್ಮಿಬ್ಬರ ಮುದ್ದೆಯ ದಿನವಾಯಿತು. ಡಿಸೆಂಬರ್ ಹೊತ್ತಿಗೆ ಮೇಜಿನ ಸುತ್ತ ಏಳು ಜನರಿದ್ದೆವು. ನನ್ನ ಫ್ರೆಂಚ್ ಸುಧಾರಿಸಿದ್ದು ಆ ಮೇಜಿನಲ್ಲಿ.

ಹಾಗಾಗಿ ಇದನ್ನು ನಿಯಮದಂತೆ ಪಾಲಿಸಿ: ಮೊದಲ ಒಂದು ತಿಂಗಳು ಊಟವನ್ನು ಕೋಣೆಗೆ ಒಯ್ಯಬೇಡಿ. ಲ್ಯಾಪ್‌ಟಾಪಿನ ಮುಂದೆ ಊಟ ಮಾಡುವ ಅಭ್ಯಾಸ ಒಮ್ಮೆ ಹತ್ತಿತೆಂದರೆ ಚಳಿಗಾಲದಲ್ಲಿ ಅದು ಬಿಡುವುದಿಲ್ಲ. ಐದು ಗಂಟೆಗೇ ಕತ್ತಲಾಗುವ ಆ ದಿನಗಳಲ್ಲಿ ನಮ್ಮ ಹುಡುಗರು ಒಂಟಿತನಕ್ಕೆ ಬೀಳುವುದನ್ನು ಕಣ್ಣಾರೆ ಕಂಡಿದ್ದೇನೆ.

ಒಗ್ಗರಣೆಯ ವಿಷಯದಲ್ಲಿ ಜಾಗ್ರತೆ. ಒಣಮೆಣಸಿನಕಾಯಿ ಕರಿದ ಘಾಟಿಗೆ ಇಡೀ ಮಹಡಿ ಕೆಮ್ಮುತ್ತದೆ, ಹೊಗೆ ಪತ್ತೆ ಯಂತ್ರ ಕೂಗಿಕೊಂಡರೆ ಎಲ್ಲರೂ ಕೋಟು ಹಾಕಿಕೊಂಡು ಹೊರಗೆ ಹೋಗಿ ನಿಲ್ಲಬೇಕಾಗುತ್ತದೆ. ಕಿಟಕಿ ತೆರೆದು, ಎಣ್ಣೆ ಹೊಗೆಯಾಡುವ ಮೊದಲೇ ಸಾಸಿವೆ ಹಾಕಿ, ತಟ್ಟೆ ಮುಚ್ಚಿ. ಕುಕ್ಕರಿನ ಸೀಟಿಯ ಬಗ್ಗೆಯೂ ಅಕ್ಕಪಕ್ಕದವರಿಗೆ ಮೊದಲೇ ಹೇಳಿಡಿ.

ಏಳನೆಯ ಹೆಜ್ಜೆ: ನೀವು ತಂದದ್ದನ್ನು ಕೊಡಿ

ಪ್ರತಿ ಮನೆಯಲ್ಲೂ ವಾಸಿಗಳ ಸಮಿತಿ ಇರುತ್ತದೆ. ಅಕ್ಟೋಬರ್‌ನಲ್ಲೇ ಸೇರಿಕೊಳ್ಳಿ. ಸಂಗೀತ ಸಂಜೆ, ಸಿನಿಮಾ, ಭಾಷಾ ವಿನಿಮಯ ಎಲ್ಲವೂ ಅವರ ಮೂಲಕವೇ ನಡೆಯುವುದು. ಬೇರೆ ಮನೆಗಳಿಗೂ ಹೋಗಿ ಬನ್ನಿ. ಚಂಡೀಗಢವನ್ನು ರೂಪಿಸಿದ ಲ ಕಾರ್ಬ್ಯೂಸಿಯೆ 1933ರಲ್ಲಿ ಕಟ್ಟಿದ ಸ್ವಿಸ್ ಮನೆ ಇಲ್ಲಿದೆ, ಬ್ರೆಜಿಲ್‌ನ ವಾಸ್ತುಶಿಲ್ಪಿ ಲೂಸಿಯೊ ಕೋಸ್ಟಾ ಜೊತೆಗೆ ಅವರು ರೂಪಿಸಿದ 1959ರ ಬ್ರೆಜಿಲ್ ಮನೆಯೂ ಇದೆ. 1929ರ ಜಪಾನ್ ಮನೆಯಲ್ಲಿ ಜಪಾನೀ ಚಿತ್ರಕಾರ ಫುಜಿತಾ ಬರೆದ ದೊಡ್ಡ ಚಿತ್ರಗಳಿವೆ.

ನೀವು ‘ಕನ್ನಡ’ ಎಂದಾಗ ಫ್ರೆಂಚರ ಕಿವಿಗೆ ಅದು ‘ಕೆನಡಾ’ ಎಂದೇ ಬೀಳುತ್ತದೆ. ಕೆನಡಾದ ಮನೆ ಅದೇ ಆವರಣದಲ್ಲಿರುವುದರಿಂದ ಗೊಂದಲ ಇನ್ನೂ ಹೆಚ್ಚು. ಬಾಯಲ್ಲಿ ವಿವರಿಸುವ ಬದಲು ಎದುರಿನವರ ಹೆಸರನ್ನು ಕಾಗದದ ಮೇಲೆ ಕನ್ನಡದಲ್ಲಿ ಬರೆದುಕೊಡಿ. ಆ ದುಂಡು ಅಕ್ಷರಗಳನ್ನು ನೋಡಿದವರು ಮುಂದಿನ ಪ್ರಶ್ನೆಯನ್ನು ತಾವೇ ಕೇಳುತ್ತಾರೆ. ಇನ್ನೊಂದು ಅನುಕೂಲವಿದೆ. ನವೆಂಬರ್ 1 ಫ್ರಾನ್ಸಿನಲ್ಲಿ ತೂಸೇಂ, ಅಂದರೆ ಎಲ್ಲ ಸಂತರ ಹಬ್ಬದ ಸಾರ್ವಜನಿಕ ರಜೆ. ರಾಜ್ಯೋತ್ಸವವನ್ನು ಅದೇ ದಿನ ಆಚರಿಸಬಹುದು. ಸಭಾಂಗಣವನ್ನು ಒಂದು ತಿಂಗಳು ಮೊದಲೇ ಕೇಳಿಟ್ಟುಕೊಳ್ಳಿ. ಭಾಷಣ ಬೇಡ. ಒಂದು ವಚನವನ್ನು ಕನ್ನಡದಲ್ಲಿ ಓದಿ, ಅದರ ಫ್ರೆಂಚ್ ಅರ್ಥವನ್ನು ಮತ್ತೊಬ್ಬರಿಂದ ಓದಿಸಿ, ಆಮೇಲೆ ಚಿತ್ರಾನ್ನ ಬಡಿಸಿ.

ಕೊನೆಯ ಹೆಜ್ಜೆ: ಬಿಟ್ಟು ಹೊರಡುವಾಗ

ಕರಾರಿನಲ್ಲಿ ಎಷ್ಟು ದಿನ ಮೊದಲು ತಿಳಿಸಬೇಕು ಎಂದಿದೆಯೋ ಅಷ್ಟು ದಿನ ಮೊದಲು ಲಿಖಿತವಾಗಿ ತಿಳಿಸಿ. ತಡವಾದರೆ ಇರದ ತಿಂಗಳಿಗೂ ಬಾಡಿಗೆ ಕೊಡಬೇಕಾಗುತ್ತದೆ. ಕೋಣೆ ತೊಳೆದು, ಬಂದ ದಿನದ ಚಿತ್ರಗಳನ್ನು ಕೈಯಲ್ಲಿ ಹಿಡಿದು ತಪಾಸಣೆಗೆ ನಿಲ್ಲಿ. ಠೇವಣಿ ವಾಪಸು ಬರುವುದಕ್ಕೆ ವಾರಗಳು ಹಿಡಿಯುತ್ತವೆ, ಅದು ಬರುವವರೆಗೆ ಫ್ರಾನ್ಸಿನ ಬ್ಯಾಂಕ್ ಖಾತೆ ಮುಚ್ಚಬೇಡಿ. ಬಾಡಿಗೆ ರಸೀದಿಗಳನ್ನೂ ವಾಸದ ಪ್ರಮಾಣಪತ್ರವನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳಿ, ಮುಂದೆ ಮತ್ತೆ ವೀಸಾ ಕೇಳುವಾಗ ಬೇಕಾಗುತ್ತವೆ.

ಕುಕ್ಕರನ್ನು ವಾಪಸು ಹೊತ್ತು ತರಬೇಡಿ, ಮುಂದಿನ ವರ್ಷ ಬರುವವರಿಗೆ ಬಿಟ್ಟುಬನ್ನಿ. ನಾನು ನನ್ನದನ್ನು ಮಹಡಿಯ ಕಪಾಟಿನಲ್ಲಿಟ್ಟು, ಮುಚ್ಚಳದ ಮೇಲೆ ಫ್ರೆಂಚ್‌ನಲ್ಲೂ ಕನ್ನಡದಲ್ಲೂ ಚೀಟಿ ಅಂಟಿಸಿದೆ: ಬೇಳೆಗೆ ನಾಲ್ಕು ಸೀಟಿ, ಅನ್ನಕ್ಕೆ ಮೂರು, ಆವಿ ಪೂರ್ತಿ ಇಳಿಯುವವರೆಗೆ ಮುಚ್ಚಳ ತೆಗೆಯಬಾರದು.